ಸೀರೆಯ ಜೊತೆ ಊರಿನ ಹೆಸರೂ ಹೋಗಲಿ

ರಬಕವಿ, ಬನಹಟ್ಟಿ, ರಾಮಪುರ, ಹೊಸೂರಿನ ನೇಕಾರ ಮನೆಗಳ ಓದಿದ ಮಕ್ಕಳಿಗೆ ಬಹಿರಂಗ ಪತ್ರ

ಪ್ರೀತಿಯ ತಮ್ಮಂದಿರೇ, ತಂಗಿಯರೇ,

ನಿಮ್ಮಿಂದ ಒಂದು ಕೆಲಸ ಆಗಬೇಕಾಗಿದೆ, ಅದಕ್ಕೇ ಈ ಪತ್ರ. ನಿಮ್ಮ ಮನೆಯ ಮಗ್ಗದಿಂದ ಹೊಸ ಸೀರೆ ಇಳಿದಾಗಲೆಲ್ಲ ಅದರ ಫೋಟೋ, ವಿವರ, ನೇಯ್ದವರ ಹೆಸರು ಇಂಟರ್‌ನೆಟ್ಟಿನಲ್ಲಿ ನಿಮ್ಮದೇ ಒಂದು ಪುಟಕ್ಕೆ ತಾನಾಗಿ ಹೋಗಿ ಸೇರಬೇಕು. ಫೋಟೋ ಮತ್ತು ಬರಹವನ್ನು ಮೊಬೈಲಿನಿಂದ ಗೂಗಲ್ ಡ್ರೈವಿನ ಒಂದು ಫೋಲ್ಡರಿಗೆ ಹಾಕುವುದಷ್ಟೇ ನಿಮ್ಮ ಪಾಲಿನ ಕೆಲಸ. ಮುಂದಿನದು ತನ್ನಷ್ಟಕ್ಕೆ ತಾನೇ ನಡೆಯುತ್ತದೆ. ಕೋಡ್ ಬರೆಯಲು ಬರಬೇಕಿಲ್ಲ, ಬೆಂಗಳೂರಿನಿಂದ ಎಂಜಿನಿಯರನ್ನು ಕರೆಸಬೇಕಿಲ್ಲ. ಪಿಯುಸಿ, ಐಟಿಐ, ಬಿ.ಎ., ಬಿ.ಕಾಂ. ಯಾವುದು ಓದಿದ್ದರೂ ಸರಿ, ವಾಟ್ಸ್‌ಆ್ಯಪಿನಲ್ಲಿ ಫೋಟೋ ಕಳಿಸಲು ಬರುವವರಿಗೆ ಇದೂ ಬರುತ್ತದೆ.

ಈಗ ಏನು ನಡೆದಿದೆ ಎಂಬುದು ನಿಮಗೆ ಗೊತ್ತೇ ಇದೆ. ಸೀರೆ ಇಳಿಯುತ್ತದೆ, ಮಡಿಕೆ ಬೀಳುತ್ತದೆ, ಮನೆಯ ಹುಡುಗನೊಬ್ಬ ಫೋಟೋ ಹೊಡೆದು ವ್ಯಾಪಾರಿಗೆ ಕಳಿಸುತ್ತಾನೆ. ವ್ಯಾಪಾರಿ ಅದನ್ನು ಇನ್ನೊಬ್ಬನಿಗೆ ದಾಟಿಸುತ್ತಾನೆ. ಮೂರನೆಯ ಕೈಗೆ ಹೋಗುವಷ್ಟರಲ್ಲಿ ಬನಹಟ್ಟಿ ಎಂಬ ಹೆಸರು ಕಳಚಿ ಬಿದ್ದಿರುತ್ತದೆ. ಪರ ಊರಿನ ಅಂಗಡಿಯಲ್ಲಿ ಆ ಸೀರೆ ಕೊಳ್ಳುವ ತಾಯಿಗೆ ಅದು ಕೃಷ್ಣೆಯ ದಂಡೆಯ ಊರಿನದು ಎಂಬುದೂ ತಿಳಿಯುವುದಿಲ್ಲ. ಇತ್ತ ಫೋನು ತುಂಬಿತೆಂದು ಹುಡುಗ ಹಳೆಯ ಫೋಟೋ ಅಳಿಸುತ್ತಾನೆ. ಹೋದ ವರ್ಷ ಯಾವ ದಡಿಗೆ ಯಾವ ಒಡಲು ಹಾಕಿದ್ದೆವು ಎಂದು ಯಾರಾದರೂ ಕೇಳಿದರೆ ಅಪ್ಪನ ನೆನಪೇ ಗತಿ.

2020ರ ಲಾಕ್‌ಡೌನಿನಲ್ಲಿ ನಮ್ಮ ಊರಿನ ಮಗ್ಗಗಳ ಸದ್ದು ಅಡಗಿತು. ನೇಯ್ದ ಸೀರೆಗಳು ಗಂಟು ಕಟ್ಟಿಕೊಂಡು ಮನೆಯಲ್ಲೇ ಕೂತವು. ವ್ಯಾಪಾರಿಗಳು ಫೋನ್ ಎತ್ತಲಿಲ್ಲ. ಎತ್ತಿದ್ದರೂ ಅವರೇನು ಮಾಡಬೇಕಿತ್ತು, ಅವರ ಅಂಗಡಿಗಳಿಗೂ ಬೀಗ ಬಿದ್ದಿತ್ತು. ಸೀರೆ ಉಡುವವರು ನಾಡಿನ ತುಂಬ ಇದ್ದರು, ಕೈಯಲ್ಲಿ ಫೋನೂ ಇತ್ತು. ನಮ್ಮ ವಿಳಾಸ ಮಾತ್ರ ಅವರಿಗೆ ಗೊತ್ತಿರಲಿಲ್ಲ. ನೇರವಾಗಿ ನಮ್ಮನ್ನು ಹುಡುಕಿಕೊಂಡು ಬರಲು ಅವರಿಗೆ ಒಂದು ದಾರಿಯನ್ನೂ ನಾವು ಮಾಡಿಟ್ಟಿರಲಿಲ್ಲ. ಆ ದಿನಗಳ ಕಷ್ಟ ನೆನೆದರೆ ಈ ಮಾತನ್ನು ಮೆಲ್ಲಗೆ ಹೇಳಲು ನನಗೆ ಮನಸ್ಸಾಗುವುದಿಲ್ಲ.

ಜಾಲತಾಣ ಮಾಡಿಸುವುದು ಹೊಸ ವಿಚಾರವೇನಲ್ಲ ಎನ್ನುತ್ತೀರಿ. ನಿಜ. ಸಂಘ-ಸಂಸ್ಥೆಗಳು ದುಡ್ಡು ಕೊಟ್ಟು ಮಾಡಿಸಿದ ಜಾಲತಾಣಗಳನ್ನು ನಾನೂ ನೋಡಿದ್ದೇನೆ. ಉದ್ಘಾಟನೆಯ ದಿನ ಹಾಕಿದ ಫೋಟೋ, ಆಗಿನ ಅಧ್ಯಕ್ಷರ ಭಾಷಣ, ಅಷ್ಟೇ. ಮರುವರ್ಷ ಬಾಡಿಗೆ ಕಟ್ಟದೆ ಆ ವಿಳಾಸವೇ ಬಿದ್ದುಹೋಗಿರುತ್ತದೆ. ಹೊಸ ಸೀರೆ ಸೇರಿಸಬೇಕೆಂದರೆ ಮಾಡಿಕೊಟ್ಟವನಿಗೆ ಫೋನ್ ಹಚ್ಚಬೇಕು, ಅವನು ಮತ್ತೆ ದುಡ್ಡು ಕೇಳುತ್ತಾನೆ. ಹೀಗೆ ಪುಟ ಸತ್ತುಹೋಗಲು ಒಂದೇ ಕಾರಣ: ದಿನನಿತ್ಯದ ಕೆಲಸಕ್ಕೂ ಪುಟಕ್ಕೂ ಸಂಬಂಧವೇ ಇರಲಿಲ್ಲ. ಫೋಟೋ ತೆಗೆಯುವ ಕೆಲಸ ಹೇಗೂ ನಿತ್ಯ ನಡೆದಿದೆ. ಅದು ಬೀಳುವ ಜಾಗವನ್ನು ಬದಲಿಸಿದರೆ ಪುಟ ತಾನೇ ಬೆಳೆಯುತ್ತದೆ.

ಇದು ಹೇಗೆ ಸಾಧ್ಯ ಎಂದರೆ ನಿಮ್ಮ ಮನೆಯ ಜಕಾರ್ಡ್ ನೋಡಿ. ನಕ್ಷೆ ನೋಡಿ ರಟ್ಟಿನ ಕಾರ್ಡಿಗೆ ತೂತು ಹೊಡೆಯುವವರು ಒಮ್ಮೆ ಹೊಡೆಯುತ್ತಾರೆ. ಆಮೇಲೆ ಕಾರ್ಡಿನ ಸರ ಸುತ್ತುತ್ತಿದ್ದಂತೆ ಯಾವ ಎಳೆ ಏಳಬೇಕು, ಯಾವುದು ಕೆಳಗೇ ಇರಬೇಕು ಎಂದು ಯಾರೂ ಮತ್ತೆ ಹೇಳಬೇಕಿಲ್ಲ. 1804ರಲ್ಲಿ ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡ್ ಮಾಡಿದ ಈ ಏರ್ಪಾಡು ನಮ್ಮ ಓಣಿಯಲ್ಲಿ ಇಂದಿಗೂ ದುಡಿಯುತ್ತಿದೆ. ಫೋಲ್ಡರಿಗೂ ಪುಟಕ್ಕೂ ನಡುವೆ ನೀವು ಬರೆಯಬೇಕಾದದ್ದೂ ಅಂಥದೇ ಒಂದು ಕಾರ್ಡು: ‘ಈ ಫೋಲ್ಡರಿಗೆ ಹೊಸ ಫೈಲ್ ಬಂದರೆ ಅದನ್ನು ಆ ಪುಟದಲ್ಲಿ ಪ್ರಕಟಿಸು.’ ಅದನ್ನು ಬರೆಯುವುದೂ ಪಟ್ಟಿಯಿಂದ ಆರಿಸಿ ಬಟನ್ ಒತ್ತುವುದರಲ್ಲಿ ಮುಗಿಯುತ್ತದೆ.

ದಾರಿಗಳು ಹಲವು ಇವೆ. ಎಲ್ಲಕ್ಕಿಂತ ಸುಲಭದ್ದು ಗೂಗಲ್ ಸೈಟ್ಸ್. ಜಿಮೇಲ್ ಖಾತೆ ಇದ್ದವರಿಗೆಲ್ಲ ಇದು ಬಿಟ್ಟಿ. ಡ್ರೈವಿನಲ್ಲಿ ‘ಬನಹಟ್ಟಿ ಸೀರೆ’ ಎಂದು ಒಂದು ಫೋಲ್ಡರ್ ಮಾಡಿ. ಸೈಟ್ಸ್‌ನಲ್ಲಿ ಹೊಸ ಪುಟ ತೆರೆದು, ‘ಇನ್ಸರ್ಟ್’ ಎಂಬಲ್ಲಿ ‘ಡ್ರೈವ್’ ಆರಿಸಿ, ಆ ಫೋಲ್ಡರನ್ನು ಪುಟದ ಮೇಲೆ ಇಳಿಸಿ, ‘ಪಬ್ಲಿಶ್’ ಒತ್ತಿ. ಅಲ್ಲಿಂದಾಚೆ ಫೋಲ್ಡರಿಗೆ ಏನು ಬಿದ್ದರೂ ಪುಟದಲ್ಲಿ ಕಾಣುತ್ತದೆ, ತೆಗೆದರೆ ಪುಟದಿಂದಲೂ ಹೋಗುತ್ತದೆ. ಒಂದು ಎಚ್ಚರ ಬೇಕು. ಫೋಲ್ಡರಿನ ‘ಶೇರ್’ ಒಳಗೆ ಹೋಗಿ, ಲಿಂಕ್ ಇದ್ದವರೆಲ್ಲ ನೋಡಬಹುದು ಎಂದು ಬದಲಿಸದಿದ್ದರೆ ನಿಮ್ಮ ಫೋನಿನಲ್ಲಿ ಮಾತ್ರ ಎಲ್ಲ ಸರಿಯಾಗಿ ಕಾಣುತ್ತದೆ, ಬೇರೆಯವರಿಗೆ ಆ ಜಾಗ ಖಾಲಿ. ಎಷ್ಟೋ ಜನ ಇಲ್ಲೇ ಸೋತು ಕೈಬಿಡುತ್ತಾರೆ. ಪುಟ ಮಾಡಿದ ಕೂಡಲೇ ನೆರೆಮನೆಯವರ ಫೋನಿನಲ್ಲಿ ತೆರೆದು ನೋಡಿ.

ಎರಡನೆಯದು, ನಿಯಮ ಬರೆದುಕೊಡುವ ಮಧ್ಯವರ್ತಿ ಸೇವೆಗಳು. ಜೇಪಿಯರ್, ಐಎಫ್‌ಟಿಟಿಟಿ, ಮೇಕ್ ಎಂಬವು ಹೆಸರಾದವು. ಇವು ಒಂದು ಕಡೆ ನಿಮ್ಮ ಡ್ರೈವನ್ನು ನೋಡುತ್ತಿರುತ್ತವೆ, ಇನ್ನೊಂದು ಕಡೆ ವರ್ಡ್‌ಪ್ರೆಸ್ಸಿನಂಥ ಪ್ರಕಟಣೆಯ ಜಾಗಕ್ಕೆ ಕೈ ಚಾಚಿರುತ್ತವೆ. ಹೊಸ ಫೈಲ್ ಬಂದದ್ದೇ ಅದನ್ನೆತ್ತಿ ಅಲ್ಲಿ ಹೊಸ ಬರಹವಾಗಿ ಹಾಕುತ್ತವೆ. ತಾರೀಖು ಬೀಳುತ್ತದೆ, ಹೊಸದು ಮೇಲೆ ಬರುತ್ತದೆ, ಒಂದೊಂದು ಸೀರೆಗೂ ಬೇರೆ ಬೇರೆ ವಿಳಾಸ ಸಿಗುತ್ತದೆ. ಆ ವಿಳಾಸವನ್ನೇ ಗಿರಾಕಿಗೆ ಕಳಿಸಬಹುದು. ಪುಕ್ಕಟೆಯಾಗಿ ಬಳಸಲು ಮಿತಿ ಇದೆ, ಒಂದು ಮನೆಗೆ ಅಥವಾ ಸಣ್ಣ ಸಂಘಕ್ಕೆ ಶುರು ಮಾಡಲು ಅಷ್ಟು ಸಾಕು. ಇಲ್ಲಿ ಒಂದು ವ್ಯತ್ಯಾಸ ತಿಳಿದಿರಲಿ. ಗೂಗಲ್ ಸೈಟ್ಸ್ ಫೋಲ್ಡರನ್ನೇ ನೇರವಾಗಿ ತೋರಿಸುತ್ತದೆ. ಈ ಮಧ್ಯವರ್ತಿಗಳು ಮಾಡುವುದು ಪ್ರತಿ. ಆಮೇಲೆ ಫೋಲ್ಡರಿನಲ್ಲಿ ನೀವು ಬೆಲೆ ತಿದ್ದಿದರೆ ಪುಟದಲ್ಲಿ ಹಳೆಯ ಬೆಲೆಯೇ ಉಳಿಯುತ್ತದೆ. ಆದ್ದರಿಂದ ಬದಲಾಗುವ ಬೆಲೆಯನ್ನು ಬರಹದಲ್ಲಿ ಹಾಕಬೇಡಿ, ‘ಬೆಲೆಗೆ ಫೋನ್ ಮಾಡಿ’ ಎಂದು ಬರೆದುಬಿಡಿ.

ಮೂರನೆಯದೂ ಸರಳವೇ. ಬ್ಲಾಗರ್ ಎಂಬ ಗೂಗಲ್ಲಿನದೇ ಸೇವೆಯಲ್ಲಿ ಇಮೇಲ್ ಮೂಲಕ ಪ್ರಕಟಿಸುವ ಏರ್ಪಾಡಿದೆ. ನೀವೊಂದು ಗುಟ್ಟಿನ ಪದ ಆರಿಸಿಕೊಂಡರೆ ನಿಮಗಷ್ಟೇ ಗೊತ್ತಿರುವ ಇಮೇಲ್ ವಿಳಾಸವೊಂದು ಸಿಗುತ್ತದೆ. ಅದಕ್ಕೆ ಕಳಿಸಿದ ಇಮೇಲಿನ ವಿಷಯದ ಸಾಲು ಶೀರ್ಷಿಕೆಯಾಗುತ್ತದೆ, ಒಳಗಿನ ಮಾತು ಬರಹವಾಗುತ್ತದೆ, ಅಂಟಿಸಿದ ಫೋಟೋ ಫೋಟೋ ಆಗಿಯೇ ಬರುತ್ತದೆ. ನೇರ ಪ್ರಕಟವಾಗಬೇಕೋ, ಮೊದಲು ಕರಡಾಗಿ ಉಳಿಯಬೇಕೋ ಎಂದು ಅಲ್ಲೇ ಆರಿಸಬಹುದು. ಕರಡನ್ನೇ ಆರಿಸಿ ಎಂಬುದು ನನ್ನ ಸಲಹೆ. ಮನೆಯಲ್ಲಿ ಒಬ್ಬರು ಕಳಿಸಲಿ, ಇನ್ನೊಬ್ಬರು ಓದಿ ನೋಡಿ ಒಪ್ಪಿಗೆ ಒತ್ತಲಿ. ಈ ಕೆಲಸಕ್ಕೆ ಮನೆಯ ಹೆಣ್ಣುಮಕ್ಕಳೇ ಸೈ. ಕಂಡಿಕೆ ಸುತ್ತುವುದರಿಂದ ಹಿಡಿದು ಸೆರಗಿನ ಕುಚ್ಚು ಕಟ್ಟುವವರೆಗೆ ಅವರ ಕೈ ಆಡದ ಸೀರೆ ಈ ಊರಿನಲ್ಲಿ ಇಲ್ಲ, ಬಣ್ಣದ ಹೆಸರು ಅವರಷ್ಟು ಕರಾರುವಾಕ್ಕಾಗಿ ಹೇಳುವವರೂ ಇಲ್ಲ.

ಯಂತ್ರದ ಮಾತು ಇಲ್ಲಿಗೆ ಸಾಕು. ಫೋಲ್ಡರಿಗೆ ಏನು ಹಾಕುತ್ತೀರಿ ಎಂಬುದೇ ದೊಡ್ಡದು.

ಮೊದಲು ಫೈಲಿನ ಹೆಸರು. ಈ ಸೇವೆಗಳಲ್ಲಿ ಸಾಮಾನ್ಯವಾಗಿ ಫೈಲಿನ ಹೆಸರೇ ಪುಟದಲ್ಲಿ ಶೀರ್ಷಿಕೆಯಾಗಿ ಕಾಣುತ್ತದೆ. ಕ್ಯಾಮೆರಾ ಕೊಟ್ಟ ಅಂಕಿಗಳನ್ನೇ ಬಿಟ್ಟರೆ ಗಿರಾಕಿಗೂ ತಿಳಿಯದು, ಗೂಗಲ್ಲಿಗೂ ತಿಳಿಯದು. ಕನ್ನಡದಲ್ಲೇ ಬರೆಯಿರಿ: ‘ಬನಹಟ್ಟಿ ಹತ್ತಿ ಸೀರೆ, ಕರಿ ಒಡಲು, ಕೆಂಪು ಗೋಮಿ ದಡಿ, 9 ವಾರಿ’. ಇಷ್ಟು ಇದ್ದರೆ ಧಾರವಾಡದಲ್ಲೋ ದುಬೈಯಲ್ಲೋ ಕುಳಿತು ‘ಗೋಮಿ ದಡಿ ಸೀರೆ’ ಎಂದು ಹುಡುಕಿದವರಿಗೆ ನಿಮ್ಮ ಪುಟ ಸಿಗುವ ಸಂಭವ ಇರುತ್ತದೆ. ವಾಟ್ಸ್‌ಆ್ಯಪಿನೊಳಗಿನ ಫೋಟೋ ಯಾವ ಹುಡುಕಾಟಕ್ಕೂ ಸಿಗುವುದಿಲ್ಲ.

ಫೋಟೋ ಹೊಡೆಯುವಾಗ ಮಗ್ಗದ ಗುಂಡಿಯ ಕತ್ತಲಲ್ಲಿ ಫ್ಲ್ಯಾಶ್ ಹಾಕಬೇಡಿ. ಮುಂಜಾನೆ ಬಾಗಿಲ ಬೆಳಕಿಗೆ ತಂದು ಹಾಸಿ. ಒಂದು ಚಿತ್ರ ಪೂರ್ತಿ ಸೀರೆಯದು, ಒಂದು ದಡಿಯದು, ಒಂದು ಸೆರಗಿನದು. ಇಳಕಲ್ ಮಾದರಿಯ ಸೀರೆಯಾದರೆ ನಾಲ್ಕನೆಯ ಚಿತ್ರವೊಂದು ಬೇಕೇ ಬೇಕು: ಒಡಲಿನ ಹಾಸೂ ಸೆರಗಿನ ಹಾಸೂ ಸೇರುವ ಗೆರೆ. ಎರಡೂ ಕಡೆಯ ಎಳೆಗಳನ್ನು ಕೊಂಡಿ ಕೊಂಡಿಯಾಗಿ ಒಂದರೊಳಗೊಂದು ಸೇರಿಸಿ, ಹೊಕ್ಕಿನ ಎಳೆಯಿಂದ ಬಿಗಿಯುವ ಆ ಕೆಲಸವನ್ನು ಪರ ಊರಿನವರು ನೋಡಿಯೇ ಇರುವುದಿಲ್ಲ. ಒಡಲು ಹತ್ತಿಯದು, ಸೆರಗು ರೇಷ್ಮೆಯದೋ ಚಮಕಾದೋ ಹೇಗಾಯಿತು ಎಂಬ ಬೆರಗು ಆ ಒಂದು ಚಿತ್ರದಲ್ಲಿ ಕಾಣುತ್ತದೆ. ಕೊಂಡಿಯ ಮೇಲೆ ಬೆರಳಿಟ್ಟು, ಫೋನನ್ನು ಹತ್ತಿರ ಹಿಡಿದು ತೆಗೆಯಿರಿ. ಆ ಬೆರಳು ಯಾರದೆಂದೂ ಬರೆಯಿರಿ.

ಬರೆಯುವುದು ಕಷ್ಟ ಎನ್ನುವವರಿಗೆ ಮಾತು ಇದೆ. 2017ರಿಂದ ಗೂಗಲ್ಲಿನ ಕೀಬೋರ್ಡು ಕನ್ನಡದ ಮಾತನ್ನು ಕೇಳಿ ಅಕ್ಷರ ಮಾಡುತ್ತದೆ. ಮೈಕ್ ಗುರುತು ಒತ್ತಿ ಅಜ್ಜನ ಮುಂದೆ ಹಿಡಿಯಿರಿ. ತೋಪು ತೆನಿ ಸೆರಗಿನ ಕೆಂಪು ಬಿಳುಪಿನ ಲೆಕ್ಕ ಹೇಗೆ, ಗಂಜಿ ಎಷ್ಟು ಹದಕ್ಕೆ ಇರಬೇಕು, ನೂಲು ಯಾಕೆ ಹರಿಯುತ್ತದೆ, ಅವರು ಹೇಳುತ್ತ ಹೋಗಲಿ. ‘ಐತಿ’, ‘ಹೋಗೂದು’ ಎಂಬ ನಮ್ಮ ಮಾತು ಅದಕ್ಕೆ ಒಮ್ಮೊಮ್ಮೆ ತಿಳಿಯುವುದಿಲ್ಲ, ಆಮೇಲೆ ತಿದ್ದಿಕೊಳ್ಳಿ. ತಿದ್ದುವಾಗ ಅಜ್ಜನ ಮಾತನ್ನು ಪುಸ್ತಕದ ಭಾಷೆಗೆ ತಿರುಗಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಮಗ್ಗದ ಮಾತುಗಳು ಮಗ್ಗದವರ ಬಾಯಲ್ಲಿ ಇದ್ದಂತೆಯೇ ಉಳಿಯಲಿ. ಈ ಊರಿನಲ್ಲಿ ಅಜ್ಜಂದಿರ ಜೊತೆಗೇ ಮಣ್ಣಾದ ಲೆಕ್ಕಗಳು ಕಡಿಮೆಯಲ್ಲ, ಇರುವವರದನ್ನಾದರೂ ಉಳಿಸಿಕೊಳ್ಳೋಣ.

ಇನ್ನೊಂದು ತೊಡಕು ಕನ್ನಡ ಅಕ್ಷರಗಳದು. ಸಂಘದ ವಾರ್ಷಿಕ ವರದಿ, ಹಳೆಯ ಪಟ್ಟಿ, ಜಾತ್ರೆಯ ಕರಪತ್ರ ಎಲ್ಲ ಡಿಟಿಪಿ ಅಂಗಡಿಯಲ್ಲಿ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಟೈಪ್ ಆಗಿರುತ್ತವೆ. ಆ ಫೈಲನ್ನು ಹಾಗೇ ಫೋಲ್ಡರಿಗೆ ಹಾಕಿದರೆ ಪುಟದಲ್ಲಿ ಕನ್ನಡ ಬರುವುದಿಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಬಾಲ, ಟೋಪಿ ಹಚ್ಚಿದಂಥ ಸಾಲುಗಳು ಬರುತ್ತವೆ. ಫೈಲ್ ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ್ದವು, ಫಾಂಟು ತೆಗೆದರೆ ಒಳಗಿನದು ಹೊರಬೀಳುತ್ತದೆ. ಕನ್ನಡಕ್ಕೆ ತನ್ನದೇ ಜಾಗ ಕೊಟ್ಟದ್ದು ಯುನಿಕೋಡ್. ಹಳೆಯದನ್ನು ಯುನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ, ಒಮ್ಮೆ ತಿರುಗಿಸಿ ಓದಿ ನೋಡಿ ಹಾಕಿ. ಅಚ್ಚಾದ ಕಾಗದ ಮಾತ್ರ ಉಳಿದಿದ್ದರೆ ಅದರ ಫೋಟೋವನ್ನು ಡ್ರೈವಿಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ, ಅಕ್ಷರಗಳನ್ನು ಅದೇ ಬಿಡಿಸಿಕೊಡುತ್ತದೆ. ತಪ್ಪು ಇರುತ್ತವೆ, ತಿದ್ದಬೇಕು.

ಈ ದುಡಿಮೆ ದಂಡವಾಗುವುದಿಲ್ಲ. ಯು.ಬಿ. ಪವನಜ ಅವರು ‘ವಿಶ್ವಕನ್ನಡ’ ಎಂಬ ಅಂತರಜಾಲ ಪತ್ರಿಕೆಯನ್ನು 1996ರಲ್ಲಿ ಶುರು ಮಾಡಿದಾಗ ಕನ್ನಡದಲ್ಲಿ ಒಂದು ಪುಟ ತೋರಿಸುವುದೇ ಸಾಹಸವಾಗಿತ್ತು. ಇಂದು ‘ವಚನ ಸಂಚಯ’ದಲ್ಲಿ ಸಾವಿರಾರು ವಚನಗಳು ಒಂದು ಪದ ಹೊಡೆದರೆ ಸಿಗುತ್ತವೆ. ಮಗ್ಗದ ಕಾಯಕದವರಾಗಿದ್ದ ಜೇಡರ ದಾಸಿಮಯ್ಯನವರ ವಚನಗಳೂ ಅದರಲ್ಲಿವೆ. ಯಾರೋ ಕುಳಿತು ಯುನಿಕೋಡಿನಲ್ಲಿ ಹಾಕಿದರು, ಅದಕ್ಕೇ ನಮಗೆ ಸಿಗುತ್ತಿವೆ. ನಮ್ಮ ಸೀರೆಯ ವಿವರ ಹಾಕಲು ಹೊರಗಿನವರು ಬರುವುದಿಲ್ಲ.

ಹಿರಿಯರು ಕೇಳುವ ಪ್ರಶ್ನೆ ನನಗೆ ಕೇಳಿಸುತ್ತಿದೆ: ‘ಡಿಸೈನ್ ಹೊರಗ ಹಾಕಿದರ ಮಂದಿ ಕದಿಯೂದಿಲ್ಲೇನು?’ ಈ ಭಯ ಸುಳ್ಳಲ್ಲ. ಅದಕ್ಕೆ ನನ್ನ ಉತ್ತರ ಎರಡು. ಪರಂಪರೆಯಿಂದ ಬಂದ ದಡಿ, ಸೆರಗುಗಳನ್ನು ಬಚ್ಚಿಡುವುದರಲ್ಲಿ ಅರ್ಥವಿಲ್ಲ, ಅವು ಆಗಲೇ ಎಲ್ಲ ಕಡೆ ಇವೆ, ಹೆಸರು ಮಾತ್ರ ಬೇರೆಯವರದು. ಆದರೆ ನೀವೇ ಕುಳಿತು ಹೊಸದಾಗಿ ಕಟ್ಟಿದ ನಕ್ಷೆ ಇದ್ದರೆ ಮೊದಲು 2000ದ ಡಿಸೈನ್ಸ್ ಕಾಯ್ದೆಯಡಿ ನೋಂದಣಿಗೆ ಅರ್ಜಿ ಹಾಕಿ, ಆಮೇಲಷ್ಟೇ ಪುಟಕ್ಕೆ ಹಾಕಿ. ಮೊದಲೇ ಪ್ರಕಟವಾದ ವಿನ್ಯಾಸಕ್ಕೆ ಆ ಕಾಯ್ದೆಯಲ್ಲಿ ಹೊಸದೆಂಬ ಮಾನ್ಯತೆ ಸಿಗುವುದಿಲ್ಲ. ನೋಂದಣಿಯಾದರೆ 10 ವರ್ಷ ಹಕ್ಕು ನಿಮ್ಮದು, ಮತ್ತೆ 5 ವರ್ಷ ಮುಂದುವರಿಸಬಹುದು. ಹೀಗಾಗಿ ಎಲ್ಲವನ್ನೂ ತಾನಾಗಿ ಪ್ರಕಟಿಸುವ ಫೋಲ್ಡರ್ ಒಂದು, ಕಾಯ್ದಿಡುವ ಫೋಲ್ಡರ್ ಇನ್ನೊಂದು, ಎರಡನ್ನೂ ಬೇರೆ ಬೇರೆ ಇಡಿ. ಕೂಲಿಗೆ ನೇಯುವವರು ಮಾಲಕರ ನಕ್ಷೆಯನ್ನೂ, ಸರಕಾರದ ಕೈಮಗ್ಗ ನಿಗಮಕ್ಕೆ ನೇಯುವವರು ನಿಗಮದ ನಕ್ಷೆಯನ್ನೂ ಕೇಳದೆ ಹಾಕಬೇಡಿ. ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು, ಸಾಲದ ಕಾಗದ ಪ್ರಕಟಣೆಯ ಫೋಲ್ಡರಿನ ಹತ್ತಿರವೂ ಸುಳಿಯಬಾರದು. ಯಂತ್ರಕ್ಕೆ ಸೀರೆ ಯಾವುದು, ಪಾಸ್‌ಬುಕ್ಕು ಯಾವುದು ಎಂಬ ಗೊಡವೆಯಿಲ್ಲ, ಫೋಲ್ಡರಿಗೆ ಬಿದ್ದದ್ದನ್ನೆಲ್ಲ ಅದು ಲೋಕಕ್ಕೆ ತೋರಿಸುತ್ತದೆ.

ನಿಜ ಬರೆಯುವ ವಿಷಯದಲ್ಲಿ ನಾನು ಬಹಳ ಗಟ್ಟಿಯಾಗಿ ಹೇಳಬೇಕಾಗಿದೆ. ಕೈಮಗ್ಗದ್ದಾದರೆ ಕೈಮಗ್ಗ, ಪವರ್‌ಲೂಮಿನದಾದರೆ ಪವರ್‌ಲೂಮ್ ಎಂದೇ ಬರೆಯಿರಿ. 1985ರ ಕಾಯ್ದೆ ಕೆಲವು ಬಗೆಯ ಸೀರೆ, ಧೋತರಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟಿರುವುದು ನಿಮಗೆ ಗೊತ್ತಿದೆ. ಕಾಯ್ದೆಯ ಮಾತು ಹಾಗಿರಲಿ, ಯಂತ್ರದ ಸೀರೆಯನ್ನು ಕೈಯದೆಂದು ಮಾರಿದರೆ ಅನ್ನ ಕಳೆದುಕೊಳ್ಳುವವರು ಪಕ್ಕದ ಓಣಿಯ ನಮ್ಮವರೇ. ಚಮಕಾ ಇದ್ದರೆ ಚಮಕಾ ಎನ್ನಿ, ರೇಷ್ಮೆ ಎನ್ನಬೇಡಿ. ಹಾಗೆಯೇ ಇಳಕಲ್ಲಿನ ಹೆಸರು. ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ನೋಂದಣಿ ಆಗಿದೆ, ಆ ಹೆಸರು ಅಲ್ಲಿಯವರ ಆಸ್ತಿ. ಇಲ್ಲಿ ನೇಯ್ದದ್ದಕ್ಕೆ ಬನಹಟ್ಟಿಯ ಹೆಸರು ಇಡಲು ನಮಗೇಕೆ ಸಂಕೋಚ? ಹತ್ತಿ ಸೀರೆಯಲ್ಲಿ ರಬಕವಿ-ಬನಹಟ್ಟಿಯದು ಸಣ್ಣ ಹೆಸರಲ್ಲ. ಮುಂದೊಂದು ದಿನ ನಮ್ಮ ಸೀರೆಗೂ ಅಂಥ ನೋಂದಣಿ ಬೇಕೆಂದು ಅರ್ಜಿ ಹಾಕುವ ಹೊತ್ತಿಗೆ, ಇಲ್ಲಿ ಏನು ನೇಯುತ್ತಿದ್ದೆವು, ಯಾರು ನೇಯುತ್ತಿದ್ದರು ಎಂಬುದಕ್ಕೆ ತಾರೀಖು ಸಮೇತ ದಾಖಲೆ ಬೇಕಾಗುತ್ತದೆ. ನಿಮ್ಮ ಪುಟವೇ ಆ ದಾಖಲೆಯಾಗಲಿ.

ಖಾತೆ ಯಾರ ಹೆಸರಿನಲ್ಲಿರಬೇಕು ಎಂಬುದನ್ನು ಮೊದಲ ದಿನವೇ ತೀರ್ಮಾನಿಸಿ. ಹುಮ್ಮಸ್ಸಿನ ಹುಡುಗ ತನ್ನ ಸ್ವಂತ ಜಿಮೇಲಿನಲ್ಲಿ ಎಲ್ಲ ಮಾಡುತ್ತಾನೆ, ಕೆಲಸ ಸಿಕ್ಕು ಪುಣೆಗೆ ಹೋಗುತ್ತಾನೆ, ಪಾಸ್‌ವರ್ಡ್ ಅವನ ಜೊತೆಗೇ ಹೋಗುತ್ತದೆ. ಮನೆಯ ಅಥವಾ ಸಂಘದ ಹೆಸರಿನಲ್ಲೇ ಖಾತೆ ತೆರೆಯಿರಿ, ಮರಳಿ ಪಡೆಯಲು ಬೇರೊಬ್ಬರ ಇಮೇಲ್, ಫೋನ್ ನಂಬರನ್ನೂ ಕೊಟ್ಟಿರಿ. 2 ವರ್ಷ ಮುಟ್ಟದೆ ಬಿಟ್ಟ ವೈಯಕ್ತಿಕ ಖಾತೆಯನ್ನು ಅಳಿಸಿಹಾಕುವ ನಿಯಮವನ್ನು ಗೂಗಲ್ 2023ರ ಕೊನೆಯಿಂದ ಜಾರಿಗೆ ತಂದಿದೆ. ಬಿಟ್ಟಿ ಜಾಗವೂ 15 ಜಿಬಿ ಮಾತ್ರ, ಅದರಲ್ಲೇ ಜಿಮೇಲೂ ಫೋಟೋಗಳೂ ಸೇರುತ್ತವೆ.

ಯಾವ ಕಂಪನಿಯನ್ನೂ ಪೂರ್ತಿ ನಂಬಬೇಡಿ ಎಂಬ ಮಾತನ್ನೂ ಸೇರಿಸುತ್ತೇನೆ. ಡ್ರೈವಿನ ಫೋಲ್ಡರನ್ನೇ ನೇರ ಜಾಲತಾಣ ಮಾಡುವ ಸೌಲಭ್ಯವನ್ನು ಗೂಗಲ್ ಹಿಂದೆ ಕೊಟ್ಟಿತ್ತು, 2016ರಲ್ಲಿ ಮುಚ್ಚಿತು. ಡ್ರಾಪ್‌ಬಾಕ್ಸಿನ ಸಾರ್ವಜನಿಕ ಫೋಲ್ಡರನ್ನು ನಂಬಿ ಪುಟ ಕಟ್ಟಿದವರ ಕೊಂಡಿಗಳು 2017ರಲ್ಲಿ ಕಡಿದುಬಿದ್ದವು. ನಾಳೆ ಇವತ್ತಿನ ಮಧ್ಯವರ್ತಿಯೂ ಮುಚ್ಚಬಹುದು. ಹಾಗಾದಾಗ ನಿಯಮವನ್ನು ಬೇರೆ ಕಡೆ ಮತ್ತೆ ಬರೆಯಬೇಕಾದೀತು, ಅದು ಅರ್ಧ ದಿನದ ಕೆಲಸ. ಫೋಟೋ ಮತ್ತು ಬರಹ ನಿಮ್ಮ ಫೋಲ್ಡರಿನಲ್ಲಿ ಹೆಸರು ಸಮೇತ ಅಚ್ಚುಕಟ್ಟಾಗಿ ಇದ್ದರೆ ನೀವು ಕಳೆದುಕೊಳ್ಳುವುದು ಏನೂ ಇಲ್ಲ. ಅದಕ್ಕೇ ನಾನು ಪುಟಕ್ಕಿಂತ ಫೋಲ್ಡರಿನ ಬಗ್ಗೆ ಇಷ್ಟು ಹೇಳಿದ್ದು. ವರ್ಷಕ್ಕೊಮ್ಮೆ ಕಾಡಸಿದ್ಧೇಶ್ವರ ಜಾತ್ರೆಯ ಹೊತ್ತಿಗೆ ಇಡೀ ಫೋಲ್ಡರನ್ನು ಒಂದು ಹಾರ್ಡ್‌ಡಿಸ್ಕಿಗೆ ಇಳಿಸಿ ಸಂಘದ ತಿಜೋರಿಯಲ್ಲಿಡಿ. ಅದರ ಜೊತೆಗೆ ಡ್ರೈವಿನಲ್ಲೂ ಇರಲಿ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ನಮ್ಮ ಹೊಳೆದಂಡೆಯ ಹಳ್ಳಿಗಳಿಗೆ ನುಗ್ಗಿದಾಗ ಕಾಗದಪತ್ರಗಳ ಗತಿ ಏನಾಯಿತೆಂದು ಕಂಡವರು ಇನ್ನೂ ಮರೆತಿಲ್ಲ. ಒಂದೇ ಕಡೆ ಇಟ್ಟದ್ದು ಹೋಗುತ್ತದೆ.

ಸಂಘಗಳ ಹಿರಿಯರಿಗೂ ಇದೇ ಪತ್ರದಲ್ಲಿ ಒಂದು ವಿನಂತಿ. ದೊಡ್ಡ ಮೊತ್ತದ ಜಾಲತಾಣಕ್ಕೆ ಟೆಂಡರ್ ಕರೆಯುವ ಮೊದಲು ಈ ಮಕ್ಕಳಿಗೆ ಒಂದು ಟೇಬಲ್ಲು, ಇಂಟರ್‌ನೆಟ್ಟು ಕೊಡಿ. ಸಂಘದ ಸ್ವಂತ ವಿಳಾಸಕ್ಕೆ ವರ್ಷಕ್ಕೆ ತಗಲುವ ಹಣ ಒಂದು ಒಳ್ಳೆಯ ಸೀರೆಯ ಬೆಲೆಗಿಂತ ಹೆಚ್ಚಿರುವುದಿಲ್ಲ, ಅದನ್ನು ಮಾತ್ರ ಸಂಘದ ಹೆಸರಿನಲ್ಲೇ ಕೊಳ್ಳಿ. ತಿಂಗಳ ಸಭೆಯಲ್ಲಿ ಬಾಕಿ-ವಸೂಲಿಯ ಜೊತೆಗೆ, ಈ ತಿಂಗಳು ಯಾರ್ಯಾರ ಸೀರೆ ಪುಟಕ್ಕೆ ಹೋಯಿತು ಎಂಬುದನ್ನೂ ಓದಿಸಿ. ಕೂಲಿ ನೇಕಾರನ ಹೆಸರು ಬಿಟ್ಟು ಮಾಲಕರ ಹೆಸರು ಮಾತ್ರ ಹೋಗಿದ್ದರೆ ಅಲ್ಲೇ ಕೇಳಿ.

ತಮ್ಮಂದಿರೇ, ತಂಗಿಯರೇ, ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ. 2015ರಿಂದ ಪ್ರತಿ ವರ್ಷ ಹಾರ, ಭಾಷಣ, ಸನ್ಮಾನ ನಡೆದಿವೆ. ಈ ಸಲ ಆ ದಿನದೊಳಗೆ ಒಂದೊಂದು ಓಣಿಯಿಂದ ಒಂದೊಂದು ಫೋಲ್ಡರ್ ಸಿದ್ಧವಾಗಲಿ. ಮೊದಲಿಗೆ ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಅವ್ವ, ಅಜ್ಜಿ ಜೋಪಾನ ಮಾಡಿಟ್ಟ ಹಳೆಯ ಸೀರೆಗಳನ್ನು ಹಾಕಿ, ಆಮೇಲೆ ಮಗ್ಗದ ಮೇಲಿನವು. ಪುಟ ತಯಾರಾದ ಮೇಲೆ ಅದರ ಕ್ಯೂಆರ್ ಕೋಡನ್ನು ಚೀಟಿಯಲ್ಲಿ ಅಚ್ಚು ಹಾಕಿಸಿ ಪ್ರತಿ ಸೀರೆಯ ಮಡಿಕೆಯೊಳಗೆ ಇಡಿ. ವ್ಯಾಪಾರಿ ತೆಗೆದರೆ ತೆಗೆಯಲಿ, ನೀವು ಇಡುವುದನ್ನು ಬಿಡಬೇಡಿ. ಫೋಲ್ಡರ್ ಮಾಡಲು ತೊಡಕಾದರೆ ಬಲ್ಲವರನ್ನು ಕೇಳಿ, ಬಲ್ಲವರಾದರೆ ನೆರೆಮನೆಗೆ ಹೋಗಿ ಕಲಿಸಿ.

ನಿಮ್ಮವ,
ಬನಹಟ್ಟಿಯ ನೇಕಾರ ಮನೆಯವನೊಬ್ಬ